ಬಿಲ್ಲಿನ ಹೊಟ್ಟೆ ಹುರಿಯಲು ಬಾಷ್ ಜಿಎಚ್‌ಜಿ 20-63 ಹೀಟ್ ಗನ್: ಹದ ಎಲ್ಲಿ ಸಿಗುತ್ತದೆ, ಎಲ್ಲಿ ತಪ್ಪುತ್ತದೆ

ಹಳೆಯ ಬಣ್ಣ ಸುಲಿಯಲು, ಪ್ಲಾಸ್ಟಿಕ್ ಪೈಪು ಬಗ್ಗಿಸಲು, ವೈರಿನ ಮೇಲಿನ ಸ್ಲೀವ್ ಕುಗ್ಗಿಸಲು ಮಾಡಿದ, ಬಿಸಿ ಗಾಳಿ ಊದುವ ಸಾಧನ ಹೀಟ್ ಗನ್. ಆದರೆ ಅಮೆರಿಕ, ಕೆನಡಾ, ಯುರೋಪಿನಲ್ಲಿ ಮರದಿಂದ ಬಿಲ್ಲು ಮಾಡುವವರ ಮೇಜಿನ ಮೇಲೆ ಹೀಟ್ ಗನ್ ಇಂದು ಅರ, ಸ್ಕ್ರೇಪರ್‌ಗಳಷ್ಟೇ ಸಾಮಾನ್ಯ. ಬಾಷ್ ಜಿಎಚ್‌ಜಿ 20-63 ಅಂಥ ಒಂದು ಗನ್. 2000 ವಾಟ್, 50ರಿಂದ 630 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ, ಉಷ್ಣತೆ ತೋರಿಸುವ ಪರದೆ, ಗಾಳಿಯ ವೇಗ ಹೆಚ್ಚು ಕಡಿಮೆ ಮಾಡುವ ಅನುಕೂಲ, ಕೈಯಲ್ಲಿ ಹಿಡಿದರೆ ಸುಮಾರು 650 ಗ್ರಾಂ. ಬಣ್ಣ ಸುಲಿಯುವವನಿಗೆ ಇದು ಹೇಗೆ ಎಂಬುದು ಇಲ್ಲಿನ ವಿಷಯವಲ್ಲ. ಎರಡೂವರೆ ಗಂಟೆ ಒಂದೇ ಸಮನೆ, ಬಿಲ್ಲಿನ ಬೆನ್ನು (ಗುರಿಯ ಕಡೆಗಿರುವ ಮೈ) ಸುಡದಂತೆ, ಹೊಟ್ಟೆಯನ್ನು (ಬಿಲ್ಲುಗಾರನ ಕಡೆಗಿರುವ ಮೈಯನ್ನು) ಮಾತ್ರ ಹದವಾಗಿ ಹುರಿಯಲು ಇದು ಆಗುತ್ತದೆಯೇ ಎಂಬುದು ವಿಷಯ.

ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಆದರೆ ಕಾರಣ 630 ಡಿಗ್ರಿಯಲ್ಲ. ಬಿಲ್ಲಿನ ಕೆಲಸದಲ್ಲಿ ಆ ಗರಿಷ್ಠ ಅಂಕಿ ಯಾರಿಗೂ ಬೇಡ. ಮಧ್ಯದ ಒಂದು ಉಷ್ಣತೆಯನ್ನು ಇಟ್ಟಲ್ಲೇ ನಿಲ್ಲಿಸುವ ಗುಣ, ಗಾಳಿಯನ್ನು ನಿಧಾನಗೊಳಿಸುವ ಗುಣ, ಇವೆರಡಕ್ಕೆ ದುಡ್ಡು ಕೊಡಬೇಕು.

ಹುರಿಯುವುದೇಕೆ, ಹೊಟ್ಟೆಯನ್ನೇ ಏಕೆ

ಹೆದೆ ಎಳೆದಾಗ ಬಿಲ್ಲಿನ ಬೆನ್ನು ಹಿಗ್ಗುತ್ತದೆ. ಬಿಲ್ಲುಗಾರನ ಕಡೆಗಿರುವ ಹೊಟ್ಟೆ ಅಮುಕಿಕೊಳ್ಳುತ್ತದೆ. ನಾರಿನ ಉದ್ದಕ್ಕೆ ಎಳೆತ ತಡೆಯುವ ಶಕ್ತಿ ಮರಕ್ಕೆ ಹೆಚ್ಚು. ಅಮುಕು ತಡೆಯುವ ಶಕ್ತಿ ಅದರ ಅರ್ಧಕ್ಕಿಂತಲೂ ಕಡಿಮೆ ಇರುವುದೇ ಸಾಮಾನ್ಯ. ಹಾಗಾಗಿ ಮೊದಲು ಸೋಲುವುದು ಹೊಟ್ಟೆ. ಸೋತ ಗುರುತು ಎಂದರೆ ಹೆದೆ ಬಿಚ್ಚಿದ ಮೇಲೂ ಬಿಲ್ಲು ಬಾಗಿಯೇ ಉಳಿಯುವುದು. ಬಿಲ್ಲುಗಾರರು ಇದನ್ನು ಸೆಟ್ ಎನ್ನುತ್ತಾರೆ. ಇನ್ನೂ ಹೆಚ್ಚಾದರೆ ಹೊಟ್ಟೆಯ ಮೇಲೆ ಅಡ್ಡಡ್ಡ ಸಣ್ಣ ಸುಕ್ಕಿನ ಗೆರೆಗಳು ಏಳುತ್ತವೆ. ಹಿಕ್ಕರಿಯಂಥ ಮರದಲ್ಲಿ ಈ ಅಸಮತೋಲ ಎದ್ದು ಕಾಣುತ್ತದೆ. ಅದರ ಬೆನ್ನು ಮುರಿಯುವುದೇ ಕಷ್ಟ, ಹೊಟ್ಟೆ ಮಾತ್ರ ಸ್ವಲ್ಪ ತೇವ ಹೀರಿದರೂ ಸೊರಗುತ್ತದೆ.

ಒಣ ಶಾಖ ಇಲ್ಲಿ ಎರಡು ಕೆಲಸ ಮಾಡುತ್ತದೆ. ಮೊದಲನೆಯದು, ತೇವ ಓಡಿಸುವುದು, ಅದು ತಾತ್ಕಾಲಿಕ. ಎರಡನೆಯದು, ಮರದ ಜೀವಕೋಶದ ಗೋಡೆಯಲ್ಲಿರುವ ಹೆಮಿಸೆಲ್ಯುಲೋಸನ್ನು ಒಡೆಯುವುದು. ಮರದ ಮೂರು ಮುಖ್ಯ ಘಟಕಗಳಲ್ಲಿ ಶಾಖಕ್ಕೆ ಮೊದಲು ಮಣಿಯುವುದು ಅದೇ, ನೀರನ್ನು ಅತಿಯಾಗಿ ಹೀರುವುದೂ ಅದೇ. ಅದು ಒಡೆದ ಮೇಲೆ ಆ ಭಾಗ ಮತ್ತೆ ಮೊದಲಿನಷ್ಟು ತೇವ ಹೀರುವುದಿಲ್ಲ. ಈ ಬದಲಾವಣೆ ಶಾಶ್ವತ. ಫಿನ್ಲೆಂಡಿನ ಥರ್ಮೋವುಡ್ ಕಾರ್ಖಾನೆಗಳು ಹಲಗೆಗಳನ್ನು ಸುಮಾರು 190ರಿಂದ 212 ಡಿಗ್ರಿಯಲ್ಲಿ ಬೇಯಿಸುವುದೂ ಇದೇ ತತ್ವದ ಮೇಲೆ. ಆದರೆ ಹಾಗೆ ಬೆಂದ ಹಲಗೆ ಪೆಡಸಾಗುತ್ತದೆ, ಎಳೆತಕ್ಕೂ ಹೊಡೆತಕ್ಕೂ ಬೇಗ ಮುರಿಯುತ್ತದೆ. ಇಡೀ ಬಿಲ್ಲನ್ನು ಓವನ್‌ನಲ್ಲಿ ಇಟ್ಟು ಬೇಯಿಸಬಾರದು ಎನ್ನುವುದು ಇದಕ್ಕೇ. ಹೊಟ್ಟೆಗೆ ಗಡಸುತನ ಬೇಕು, ಬೆನ್ನಿಗೆ ಹುರಿಯದ ಮರದ ನಾರಿನ ಬಿಗಿ ಹಾಗೇ ಉಳಿಯಬೇಕು. ಒಂದೇ ಕಡೆಯಿಂದ ಬಿಸಿ ಕೊಡುವ ಸಾಧನ ಬೇಕಾಗುವುದು ಇಲ್ಲಿ.

ಬಿಲ್ಲನ್ನು ಅಚ್ಚಿಗೆ ಬಿಗಿದು ಹೊಟ್ಟೆಯನ್ನು ಹುರಿಯುವ ಈ ಕ್ರಮವನ್ನು ಪರೀಕ್ಷಿಸಿ, ಬರೆದು, ಹಬ್ಬಿಸಿದವರಲ್ಲಿ ಕೆನಡಾದ ಬಿಲ್ಲು ತಯಾರಕ ಮಾರ್ಕ್ ಸೇಂಟ್ ಲೂಯಿ ಮುಖ್ಯರು. ಶಾಖ ಬಳಸುವುದು ಮಾತ್ರ ತೀರ ಹಳೆಯದು. ಕ್ಯಾಲಿಫೋರ್ನಿಯಾದ ಯಾಹಿ ಜನಾಂಗದ ಇಶಿ ಎಂಬಾತ ಬಿಲ್ಲಿನ ತುದಿಗಳನ್ನು ಬಿಸಿ ಮಾಡಿ ಹಿಂದಕ್ಕೆ ಬಗ್ಗಿಸಿ, ಇನ್ನೊಂದು ಮರದ ತುಂಡಿಗೆ ಕಟ್ಟಿ ಆರಲು ಬಿಡುತ್ತಿದ್ದ. ಜಪಾನಿನ ಯುಮಿ ಬಿಲ್ಲಿನ ಒಳಗೆ ಕೂಡಿಸುವ ಬಿದಿರಿನ ಸೀಳುಗಳನ್ನು ಇಂದಿಗೂ ಬೆಂಕಿಯಲ್ಲಿ ಕಾಯಿಸಿ ಹದ ಮಾಡುತ್ತಾರೆ. ನಮ್ಮಲ್ಲಿ ಬಿದಿರಿನ ಕೋಲನ್ನು ಕೆಂಡದ ಮೇಲೆ ಕಾಯಿಸಿ ನೆಟ್ಟಗೆ ಮಾಡುವವರಿಗೆ ಈ ಮಾತು ಹೊಸದಲ್ಲ. ಬಿಸಿಯಾದಾಗ ಬಗ್ಗುತ್ತದೆ, ಆರಿದಾಗ ನಿಲ್ಲುತ್ತದೆ.

ಗನ್ನಿನ ಗುಣಗಳು

ಪರದೆಯಲ್ಲಿ ಕಾಣುವ ಉಷ್ಣತೆ ಮೂತಿಯಿಂದ ಹೊರಡುವ ಗಾಳಿಯದು, ಮರದ್ದಲ್ಲ. ಹೊಸಬರ ಮೊದಲ ತಪ್ಪು ಇದನ್ನು ಮರೆಯುವುದು. 200 ಡಿಗ್ರಿ ಬೇಕು ಎಂದು 200ಕ್ಕೆ ಇಟ್ಟರೆ 4 ಇಂಚು ದೂರದ ಮರ ಬೆಚ್ಚಗಾಗುತ್ತದೆ, ಹುರಿಯುವುದಿಲ್ಲ. 400 ಡಿಗ್ರಿಯ ಸುಮಾರಿಗೆ ಇಟ್ಟು, ಮೂತಿಯನ್ನು ಮರದಿಂದ 4 ಇಂಚು ದೂರ ಹಿಡಿದು ಆರಂಭಿಸುವುದು ಒಳ್ಳೆಯದು. ಮರದ ಮೇಲ್ಮೈ 180ರಿಂದ 200 ಡಿಗ್ರಿಗೆ ಬಂದು ನಿಲ್ಲಬೇಕು. ಅಗ್ಗದ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದಿದ್ದರೆ ಊಹೆ ಬೇಕಿಲ್ಲ, ಅದರಲ್ಲಿ ಎಮಿಸಿವಿಟಿ (ಮೇಲ್ಮೈ ಶಾಖ ಸೂಸುವ ಪ್ರಮಾಣ) 0.95 ಎಂದು ಇಟ್ಟರೆ ಮರಕ್ಕೆ ಸಾಕಷ್ಟು ಸರಿ ಹೊಂದುತ್ತದೆ. ಓದು 220 ದಾಟಿದರೆ ದೂರ ಹೆಚ್ಚಿಸಿ ಅಥವಾ ಪರದೆಯ ಅಂಕಿ ಇಳಿಸಿ. ಈ ಗನ್ನಿನಲ್ಲಿ 10 ಡಿಗ್ರಿಯ ಹೆಜ್ಜೆಯಲ್ಲಿ ಇಳಿಸಬಹುದು ಎಂಬುದು ನಿಜವಾದ ಉಪಯೋಗ. ಒಂದು ಮರದ ತುಂಡಿನ ಮೇಲೆ ಸರಿಹೋದ ಅಂಕಿಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡರೆ ಮುಂದಿನ ಬಿಲ್ಲಿಗೆ ಅದೇ ಅಂಕಿಯಿಂದ ಶುರು ಮಾಡಬಹುದು.

ಅದೇ ಕಂಪನಿಯ 1600 ವಾಟಿನ ಜಿಎಚ್‌ಜಿ 500-2ರಲ್ಲಿ 300 ಮತ್ತು 500 ಡಿಗ್ರಿ ಎಂಬ ಎರಡೇ ಹಂತ. ಬೆಲೆ ಕಡಿಮೆ. ಅದರಿಂದ ಬಿಲ್ಲು ಹುರಿಯಲಾಗದು ಎಂದೇನಿಲ್ಲ. ಹದವನ್ನು ದೂರದಿಂದಲೇ ಸಾಧಿಸಬೇಕಾಗುತ್ತದೆ, ಅಷ್ಟೆ. 500ರಲ್ಲಿ 6 ಇಂಚು, 300ರಲ್ಲಿ 2 ಇಂಚು ಎನ್ನುವ ಲೆಕ್ಕಕ್ಕೆ ಸ್ಟ್ಯಾಂಡ್ ಏರಿಳಿಸುತ್ತ ಕೂರಬೇಕು. ವರ್ಷಕ್ಕೆ ಒಂದೆರಡು ಬಿಲ್ಲು ಮಾಡುವವರಿಗೆ ಅದು ಸಾಕು. ತಿಂಗಳಿಗೊಂದು ಮಾಡುವವರಿಗೆ, ಅದರಲ್ಲೂ ಬೇರೆ ಬೇರೆ ಮರ ಬಳಸುವವರಿಗೆ, 20-63ರ ಹೆಚ್ಚಿನ ಬೆಲೆ ವ್ಯರ್ಥವಲ್ಲ.

ಗಾಳಿಯ ವೇಗ ಉಷ್ಣತೆಯಷ್ಟೇ ಮುಖ್ಯ, ಆದರೆ ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಜೋರು ಗಾಳಿ ಬಿಲ್ಲಿನ ಅಂಚಿನಿಂದ ಹೊರಳಿ ಬೆನ್ನಿನ ಕಡೆಗೆ ನುಗ್ಗುತ್ತದೆ. ಬೆನ್ನಿನ ಅಂಚು ಕಂದಿದ ಬಿಲ್ಲುಗಳಲ್ಲಿ ಬಹುಪಾಲಿಗೆ ಕಾರಣ ಇದೇ. ಕಡಿಮೆ ವೇಗದಲ್ಲಿ ಬಿಸಿ ಗಾಳಿ ಹೊಟ್ಟೆಯ ಮೇಲೆ ಕುಳಿತಂತೆ ನಿಲ್ಲುತ್ತದೆ. 20-63ರಲ್ಲಿ ಗಾಳಿಯನ್ನು ತಗ್ಗಿಸಿಟ್ಟೂ ಉಷ್ಣತೆ ಹೆಚ್ಚಿಟ್ಟುಕೊಳ್ಳಬಹುದು. ಬಿಲ್ಲು ಮಾಡುವವರಿಗೆ ಇದರ ಅತ್ಯುತ್ತಮ ಗುಣ ಇದೇ ಎಂದು ನಿಸ್ಸಂಕೋಚವಾಗಿ ಹೇಳಬಹುದು.

ಮೂತಿಯ ವಿಷಯ. ದುಂಡು ಮೂತಿಯಿಂದ ಬರುವ ಬಿಸಿಯ ನಡುಭಾಗ ತೀಕ್ಷ್ಣ, ಅಂಚು ಮಂದ. ಎರಡು ಇಂಚು ಅಗಲದ ಬಿಲ್ಲಿನ ತೋಳಿನ ಮೇಲೆ ನಡುವೆ ಕಾಫಿ ಬಣ್ಣ, ಎರಡೂ ಬದಿಗೆ ಬೆಲ್ಲದ ಬಣ್ಣ ಬರುತ್ತದೆ. 75 ಮಿ.ಮೀ. ಅಗಲದ ಚಪ್ಪಟೆ ಮೂತಿಯನ್ನು ಪ್ರತ್ಯೇಕವಾಗಿ ಕೊಂಡು, ಅದರ ಅಗಲ ಬಿಲ್ಲಿನ ಉದ್ದಕ್ಕೆ ಬರುವಂತೆ ತಿರುಗಿಸಿ ಹಾಕಿದರೆ ಒಮ್ಮೆಗೆ ಮೂರು ಇಂಚಿಗೂ ಹೆಚ್ಚು ಉದ್ದ ಸಮನಾಗಿ ಕಾಯುತ್ತದೆ. ಅಂಚು ತುಂಬಲು ಗನ್ನನ್ನು ಅಡ್ಡಕ್ಕೆ ಸ್ವಲ್ಪ ಸರಿಸುತ್ತಿದ್ದರಾಯಿತು. ಚಮಚದಂತೆ ಬಾಗಿರುವ ಪ್ರತಿಫಲಕ ಮೂತಿ ಹೊಟ್ಟೆಗೆ ಬೇಡ. ಬಾಣದ ಕಡ್ಡಿ ನೆಟ್ಟಗೆ ಮಾಡಲು ಮಾತ್ರ ಅದಕ್ಕಿಂತ ಒಳ್ಳೆಯದು ಸಿಗದು: ಕಡ್ಡಿಯನ್ನು ಅದರೊಳಗಿಟ್ಟು ತಿರುಗಿಸಿದರೆ ಸುತ್ತಲೂ ಒಂದೇ ಬಿಸಿ.

ಎರಡು ಗಂಟೆ ಕೈಯಲ್ಲಿ ಹಿಡಿಯುವ ಕೆಲಸ ಇದಲ್ಲ, 650 ಗ್ರಾಂ ಆದರೂ ಅಷ್ಟೆ. ಸ್ಟ್ಯಾಂಡಿಗೆ ಕಟ್ಟಬೇಕು. ಕಟ್ಟುವಾಗ ಮೂತಿ ನೇರ ಕೆಳಕ್ಕೆ ನೋಡದಿರಲಿ. ಮರಕ್ಕೆ ಬಡಿದ ಬಿಸಿ ಗಾಳಿ ಮೇಲೇರಿ ಗನ್ನಿನ ಹಿಂಭಾಗದ ಕಂಡಿಗಳಿಂದ ಮತ್ತೆ ಒಳಗೆ ಹೋದರೆ ಒಳಗಿನ ರಕ್ಷಣಾ ವ್ಯವಸ್ಥೆ ಬಿಸಿಯನ್ನು ಕಡಿತ ಮಾಡುತ್ತದೆ, ನಡುವೆ ಒಂದು ಭಾಗ ಹಸಿ ಉಳಿಯುತ್ತದೆ. 60–70 ಡಿಗ್ರಿ ಓರೆಯಾಗಿ, ಹಿಂಭಾಗ ಬಿಲ್ಲಿನ ನೇರಕ್ಕಿಂತ ಹೊರಗಿರುವಂತೆ ಕಟ್ಟಿ. ಕೆಲಸ ಮುಗಿದಾಗ ಒಮ್ಮೆಗೇ ಸ್ವಿಚ್ ಆರಿಸಬೇಡಿ. ಉಷ್ಣತೆ 50ಕ್ಕೆ ಇಳಿಸಿ ಕೆಲವು ನಿಮಿಷ ತಂಪು ಗಾಳಿ ಓಡಿಸಿ. ಒಳಗಿನ ಸುರುಳಿಯ ಆಯುಷ್ಯ ಅದರಲ್ಲಿದೆ.

ವಿದ್ಯುತ್ತಿನ ಮಾತು ನಮ್ಮ ಮನೆಗಳಿಗೆ ಮುಖ್ಯ. 230 ವೋಲ್ಟಿನಲ್ಲಿ 2000 ವಾಟ್ ಎಂದರೆ ಸುಮಾರು 8.7 ಆಂಪಿಯರ್. ಫ್ಯಾನು, ಮೊಬೈಲ್ ಚಾರ್ಜರ್ ಹಾಕುವ 6 ಆಂಪಿಯರ್ ಸಾಕೆಟ್ಟಿಗೆ ಅಡಾಪ್ಟರ್ ಇಟ್ಟು ಇದನ್ನು ಓಡಿಸಿದರೆ ಸಾಕೆಟ್ಟೇ ಬಿಸಿಯೇರಿ ಕರಗಬಹುದು. ಗೀಸರ್ ಹಾಕುವ 16 ಆಂಪಿಯರ್ ಸಾಕೆಟ್ ಬೇಕು. ಎಕ್ಸ್‌ಟೆನ್ಷನ್ ಬೇಕಾದರೆ 1.5 ಚದರ ಮಿ.ಮೀ.ಗಿಂತ ತೆಳುವಾದ ವೈರು ಬೇಡ, ಮತ್ತು ಸುರುಳಿ ಪೂರ್ತಿ ಬಿಚ್ಚಿರಲಿ. ಕರೆಂಟು ಹೋಗುವ ಹೊತ್ತು ನೋಡಿಕೊಂಡು ಶುರು ಮಾಡುವುದೂ ಕೆಲಸದ ಭಾಗವೇ. ಮನೆಯ ಸಾಮಾನ್ಯ ಇನ್ವರ್ಟರ್ ಈ ಭಾರ ಎಳೆಯುವುದಿಲ್ಲ. ಎರಡೂವರೆ ಗಂಟೆಯ ಕೆಲಸಕ್ಕೆ ಹೆಚ್ಚೆಂದರೆ 5 ಯೂನಿಟ್ ಖರ್ಚು.

ಹುರಿಯುವ ಕ್ರಮ

ಬಿಲ್ಲು ಈ ಹಂತಕ್ಕೆ ಬರುವಾಗ ಅರ್ಧ ಮುಗಿದಿರಬೇಕು. ಎರಡೂ ತೋಳು ಸಮನಾಗಿ ಬಾಗುತ್ತಿರಬೇಕು, ಹೆದೆಯನ್ನು ಕಡಿಮೆ ಎತ್ತರಕ್ಕೆ ಏರಿಸಿ 18–20 ಇಂಚಿನವರೆಗೆ ಎಳೆದು ನೋಡಿರಬೇಕು. ಮೊದಲೇ ಹುರಿದರೆ ಆಮೇಲೆ ಹೆರೆದು ತೆಗೆಯುವುದು ಹುರಿದ ಪದರವನ್ನೇ. ಚೆನ್ನಾಗಿ ಹುರಿದ ಹೊಟ್ಟೆಯಲ್ಲಿ ಕಂದು ಬಣ್ಣ ಇಳಿಯುವುದು 2–3 ಮಿ.ಮೀ. ಮಾತ್ರ. ಪೂರ್ತಿ ಮುಗಿಸಿ ಹುರಿಯುವುದೂ ಸರಿಯಲ್ಲ, ಏಕೆಂದರೆ ಹುರಿದ ಮೇಲೆ ಎಳೆತದ ತೂಕ, ಅಂದರೆ ಹೆದೆ ಎಳೆಯಲು ಬೇಕಾದ ಬಲ, ಏರುತ್ತದೆ. 5ರಿಂದ 10 ಪೌಂಡ್ ಏರಿಕೆ ಸಾಮಾನ್ಯ. ಅದನ್ನು ಇಳಿಸಲು ಮತ್ತೆ ಹೆರೆಯಬೇಕಾಗುತ್ತದೆ.

ಮರದ ತೇವ 10 ಶೇಕಡಾದೊಳಗೆ ಇರಲೇಬೇಕು. ಎರಡು ಮುಳ್ಳಿನ ತೇವ ಮಾಪಕ ಬಳಸಿ, ಹಿಡಿಯ ಬಳಿ, ಅಂದರೆ ಮರ ದಪ್ಪಗಿರುವಲ್ಲಿ ಅಳೆಯಿರಿ. ತುದಿ ಯಾವಾಗಲೂ ಮೊದಲು ಒಣಗಿ ಸುಳ್ಳು ಭರವಸೆ ಕೊಡುತ್ತದೆ. 14–15 ಶೇಕಡಾ ತೇವದ ಮರಕ್ಕೆ ಗನ್ ಹಿಡಿದರೆ ಹೊಟ್ಟೆಯ ಮೇಲ್ಪದರ ಥಟ್ಟನೆ ಕುಗ್ಗಿ, ಒಳಗಿನದು ಕುಗ್ಗದೆ, ಉದ್ದಕ್ಕೆ ಬಿರುಕು ಬಿಡುತ್ತದೆ. ಗಾಳಿಯಲ್ಲಿ 50 ಶೇಕಡಾ ಆರ್ದ್ರತೆ ಇದ್ದರೆ ಮರ ಸುಮಾರು 9 ಶೇಕಡಾ ತೇವಕ್ಕೆ ಬಂದು ನಿಲ್ಲುತ್ತದೆ, 65 ಇದ್ದರೆ ಸುಮಾರು 12, 80 ಇದ್ದರೆ ಸುಮಾರು 16. ಜುಲೈ ತಿಂಗಳ ಮಂಗಳೂರು, ಕಾರವಾರ, ಆಗುಂಬೆಯಲ್ಲಿ ಬಿಲ್ಲಿನ ಮರ ಗೋಡೆಗೆ ಒರಗಿಸಿ ಒಣಗಿಸುತ್ತೇನೆಂದರೆ ಆಗದ ಮಾತು. ಮುಚ್ಚಿದ ಉದ್ದನೆಯ ಪೆಟ್ಟಿಗೆಯೊಳಗೆ ಹಳೆಯ ಕಾಲದ 40 ವಾಟಿನ ಬಿಸಿಯಾಗುವ ಬಲ್ಬು ಉರಿಸಿ, ಮೇಲೆ ಕೆಳಗೆ ಸಣ್ಣ ಕಂಡಿ ಬಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಇಡಬೇಕು.

ಅಚ್ಚಿಗೆ ಒಂದು ಗಟ್ಟಿ ಹಲಗೆ, ಬಿಲ್ಲಿನಷ್ಟೇ ಉದ್ದ, 4–6 ಇಂಚು ಎತ್ತರ. ಅದರ ಮೇಲಂಚನ್ನು ಬೇಕಾದ ಬಾಗಿಗೆ ಕೊಯ್ದುಕೊಳ್ಳಿ. ಬಿಲ್ಲಿನ ಬೆನ್ನು ಅಚ್ಚಿನ ಮೇಲೆ, ಹೊಟ್ಟೆ ಮೇಲಕ್ಕೆ. ತುದಿಗಳು ಹೆದೆಗೆ ವಿರುದ್ಧವಾಗಿ, ಬೆನ್ನಿನ ಕಡೆಗೆ ಎರಡು ಇಂಚು ಬಾಗುವಂತೆ ಬಿಗಿದರೆ ಬಿಲ್ಲು ಮುಗಿದಾಗ ಒಂದು, ಒಂದೂವರೆ ಇಂಚು ಉಳಿಯುತ್ತದೆ. ಆಸೆಪಟ್ಟು ನಾಲ್ಕಿಂಚು ಕೊಡುವವರಿದ್ದಾರೆ. ಅಷ್ಟು ಕೊಟ್ಟರೆ ಹೊಟ್ಟೆಗೆ ಬೀಳುವ ಹೆಚ್ಚುವರಿ ಒತ್ತಡವೇ ಹುರಿದದ್ದರಿಂದ ಬಂದ ಲಾಭವನ್ನು ನುಂಗಿಹಾಕುತ್ತದೆ, ತುದಿ ಒಂದಿಷ್ಟು ಓರೆಯಾಗಿದ್ದರೂ ಬಿಲ್ಲು ಮಗುಚಿಕೊಳ್ಳುತ್ತದೆ.

ಕ್ಲ್ಯಾಂಪಿನ ಬಾಯಿಗೆ ಚರ್ಮದ ತುಂಡು ಕೊಡಿ. ರಬ್ಬರು, ಪ್ಲಾಸ್ಟಿಕ್ ತಲೆಯ ಕ್ಲ್ಯಾಂಪುಗಳು ಕರಗಿ ಮರಕ್ಕೆ ಅಂಟುತ್ತವೆ. ಕಬ್ಬಿಣದ ಕ್ಲ್ಯಾಂಪ್ ಇನ್ನೊಂದು ತೊಂದರೆ ತರುತ್ತದೆ: ಅದು ಬಿಸಿ ಎಳೆದುಕೊಂಡು ತನ್ನ ಕೆಳಗಿನ ಮರವನ್ನು ಹಸಿಯಾಗಿ ಬಿಡುತ್ತದೆ. ಅಂಥ ಪಟ್ಟೆ ಮೆದುವಾಗಿಯೇ ಉಳಿದು, ಬಾಗುವ ಭಾರವೆಲ್ಲ ಅಲ್ಲಿಗೇ ಬರುತ್ತದೆ. ಹಾಗಾಗಿ ಗನ್ ಹತ್ತಿರ ಬಂದಾಗ ಆ ಕ್ಲ್ಯಾಂಪನ್ನು ಆರಿದ ಇನ್ನೊಂದು ಜಾಗಕ್ಕೆ ಸರಿಸಬೇಕು. ಈ ಒಂದು ವಿಷಯದಲ್ಲಿ ಸೋಮಾರಿತನ ಮಾಡಿದ ಬಿಲ್ಲನ್ನು ನೋಡಿದ ಕೂಡಲೇ ಗುರುತಿಸಬಹುದು, ಹೊಟ್ಟೆಯ ಮೇಲೆ ಹುಲಿಪಟ್ಟೆ ಇರುತ್ತದೆ.

ಅಲ್ಯುಮಿನಿಯಂ ಫಾಯಿಲನ್ನು ಅಚ್ಚಿನ ಎರಡೂ ಬದಿಗೆ ಅಂಟಿಸಿ, ಬಿಲ್ಲಿನ ಅಂಚಿಗಿಂತ ಒಂದು ಇಂಚು ಮೇಲೆ ನಿಲ್ಲುವಂತೆ ಮಾಡಿದರೆ ಬಿಸಿ ದೋಣಿಯೊಳಗೆ ನಿಂತಂತೆ ಹೊಟ್ಟೆಯ ಮೇಲೆ ನಿಲ್ಲುತ್ತದೆ. ಹಿಡಿಯ ತುಂಡನ್ನು ಅಂಟಿಸಿದ್ದರೆ ಆ ಭಾಗಕ್ಕೆ ಎರಡು ಮೂರು ಸುತ್ತು ಫಾಯಿಲ್ ಸುತ್ತಿ. ಮರಗೆಲಸದ ಬಿಳಿ ಅಥವಾ ಹಳದಿ ಅಂಟು ನೂರು ಡಿಗ್ರಿಗೆ ಎಷ್ಟೋ ಮೊದಲೇ ಮೆತ್ತಗಾಗುತ್ತದೆ. ಬೆನ್ನಿಗೆ ಬಿದಿರಿನ ಪಟ್ಟಿಯನ್ನೋ ಪ್ರಾಣಿಯ ಸ್ನಾಯುರಜ್ಜಿನ ನಾರನ್ನೋ ಅಂಟಿಸುವ ಯೋಚನೆಯಿದ್ದರೆ ಹೊಟ್ಟೆಯ ಮರವನ್ನು ಮೊದಲು ಹುರಿದು, ಗಾಳಿಯಿಂದ ತೇವ ಹೀರಿಕೊಳ್ಳಲು ಬಿಟ್ಟು, ಆಮೇಲೆ ಅಂಟಿಸಬೇಕು. ಕ್ರಮ ತಿರುಗಿಸಿದರೆ ಅಂಟು ಬಿಡುತ್ತದೆ.

ಈಗ ಗನ್. ಹಿಡಿಯ ಪಕ್ಕದಿಂದ ಆರಂಭಿಸಿ ತುದಿಯ ಕಡೆಗೆ ಹೋಗಿ. 4 ಇಂಚಿನ ಒಂದೊಂದು ಭಾಗಕ್ಕೆ ಸುಮಾರು 10 ನಿಮಿಷ, ಮುಂದಿನ ಭಾಗ ಹಿಂದಿನದರ ಮೇಲೆ ಒಂದು ಇಂಚು ಹಾಯುವಂತೆ. ಮೊದಲ ಮೂರು ನಾಲ್ಕು ನಿಮಿಷ ಏನೂ ಆಗುತ್ತಿಲ್ಲ ಎನ್ನಿಸುತ್ತದೆ. ಆಗ ಗನ್ ಹತ್ತಿರ ತರುವ ಆಸೆ ಬರುತ್ತದೆ, ತರಬೇಡಿ. ಆಮೇಲೆ ಹುರಿದ ಬೆಲ್ಲದಂಥ ವಾಸನೆ, ನಂತರ ಬಣ್ಣ. ಮೊದಲು ಜೇನು, ಆಮೇಲೆ ಬೆಲ್ಲ, ಆಮೇಲೆ ಹಾಲು ಹಾಕಿದ ಕಾಫಿ, ಆಮೇಲೆ ಹುರಿದ ಕಾಫಿ ಬೀಜ. ಹಿಕ್ಕರಿ, ಆಶ್, ಎಲ್ಮ್‌ನಂಥ ಬಿಳಿ ಮರಗಳಿಗೆ ಹಾಲು ಕಾಫಿಯಿಂದ ಸ್ವಲ್ಪ ಮುಂದೆ, ಕಾಫಿ ಬೀಜಕ್ಕಿಂತ ಹಿಂದೆ ನಿಲ್ಲಿಸುವುದು ಹದ. ಕಪ್ಪು ಮಿನುಗು ಕಂಡರೆ ಅಲ್ಲಿ ಇದ್ದಿಲು ಶುರುವಾಗಿದೆ. ಆ ಪದರಕ್ಕೆ ಶಕ್ತಿಯಿಲ್ಲ, ಹೆರೆದು ತೆಗೆಯಬೇಕು.

ಬಣ್ಣ ಒಂದನ್ನೇ ನಂಬಬೇಡಿ. ಹತ್ತಿರ ಹಿಡಿದು ಎರಡು ನಿಮಿಷದಲ್ಲಿ ತಂದ ಬಣ್ಣವೂ ಹತ್ತು ನಿಮಿಷದಲ್ಲಿ ತಂದ ಬಣ್ಣವೂ ನೋಡಲು ಒಂದೇ. ಒಳಗೆ ಇಳಿದಿರುವುದು ಬೇರೆ ಬೇರೆ. ಬಿಲ್ಲಿನ ಬದಿಯನ್ನು, ಬೆನ್ನಿಗೆ ಹತ್ತಿರವಾಗಿ, ಬೆರಳಿನಿಂದ ಮುಟ್ಟಿ ನೋಡಿ. ಬೆರಳು ಒಂದೆರಡು ಕ್ಷಣಕ್ಕಿಂತ ಹೆಚ್ಚು ಇಡಲಾಗದಷ್ಟು ಬಿಸಿ ಅಲ್ಲಿಗೆ ತಲುಪಿದ್ದರೆ ಶಾಖ ಮರದೊಳಗೆ ಹೋಗಿದೆ. ಆದರೆ ಬೆನ್ನಿನ ಬಣ್ಣ ಬದಲಾಗಿರಬಾರದು. ತುದಿಯ ಕಡೆಗೆ ಹೋದಂತೆ ಮರ ತೆಳುವಾಗುವುದರಿಂದ ಸಮಯವನ್ನು 10ರಿಂದ 6–7 ನಿಮಿಷಕ್ಕೆ ಇಳಿಸಿ. ಹೆದೆ ಸಿಕ್ಕಿಸುವ ಕೊಪ್ಪಿನ ಹತ್ತಿರದ ಕೊನೆಯ ಮೂರ್ನಾಲ್ಕು ಇಂಚು ಬಾಗುವುದೇ ಇಲ್ಲ, ಅದನ್ನು ಹುರಿದು ಪ್ರಯೋಜನವಿಲ್ಲ. ಗಂಟುಗಳ ಮೇಲೆ ಗನ್ ನಿಲ್ಲಿಸಬೇಡಿ; ಗಂಟಿನ ಸುತ್ತ ನಾರು ಅಡ್ಡ ಹೋಗಿರುತ್ತದೆ, ಬಿಸಿ ಆಳಕ್ಕೆ ಇಳಿದು ಬೆನ್ನನ್ನೂ ಮುಟ್ಟುತ್ತದೆ.

ಮುಗಿದ ಮೇಲೆ ಕ್ಲ್ಯಾಂಪ್ ಬಿಚ್ಚದೆ ರಾತ್ರಿಯಿಡೀ ಬಿಡಿ. ಬಿಸಿಯಿರುವಾಗ ಬಿಚ್ಚಿದರೆ ಕೊಟ್ಟ ಬಾಗು ಅರ್ಧ ವಾಪಸ್ ಹೋಗುತ್ತದೆ.

ಇಲ್ಲಿಂದ ಮುಂದಿನ ಕೆಲವು ದಿನಗಳಲ್ಲಿ ಬಿಲ್ಲು ಮುರಿಯುವವರೇ ಹೆಚ್ಚು. ಹುರಿದ ಬಿಲ್ಲು ಒಣಕಲಾಗಿರುತ್ತದೆ, ಬೆನ್ನೂ ಸೇರಿ. ಮರುದಿನವೇ ಹೆದೆ ಏರಿಸಿದರೆ ಬೆನ್ನು ಸಿಡಿಯುತ್ತದೆ. ಎಷ್ಟು ದಿನ ಕಾಯಬೇಕು ಎಂಬ ಪ್ರಶ್ನೆಗೆ ವಾರ, ಹತ್ತು ದಿನ ಎಂಬ ಉತ್ತರಗಳು ಎಲ್ಲೆಡೆ ಸಿಗುತ್ತವೆ; ಅಡಿಗೆಮನೆಯ ತಕ್ಕಡಿ ಅದಕ್ಕಿಂತ ನಂಬಿಕಸ್ಥ. ಹುರಿಯುವ ಮೊದಲು ಬಿಲ್ಲನ್ನು ತೂಗಿ ಬರೆದಿಡಿ. 570 ಗ್ರಾಮಿನ ಹಿಕ್ಕರಿ ಬಿಲ್ಲಿನ ತೇವ 10 ಶೇಕಡಾದಿಂದ 5ಕ್ಕೆ ಇಳಿದರೆ ಸುಮಾರು 25 ಗ್ರಾಂ ಕಡಿಮೆಯಾಗುತ್ತದೆ. ನಂತರ ದಿನಕ್ಕೊಮ್ಮೆ ತೂಗಿ. ತೂಕ ಏರುತ್ತ ಹೋಗಿ, ಮೂರು ದಿನ ಒಂದೇ ಕಡೆ ನಿಂತರೆ ಮರ ಗಾಳಿಯೊಂದಿಗೆ ಸಮಕ್ಕೆ ಬಂದಿದೆ. ಮೊದಲಿನ ತೂಕ ಪೂರ್ತಿ ವಾಪಸ್ ಬರುವುದಿಲ್ಲ, ಅದಕ್ಕಾಗಿ ಕಾಯಬೇಡಿ; ಹುರಿದ ಪದರ ಮೊದಲಿನಷ್ಟು ನೀರು ಕುಡಿಯುವುದಿಲ್ಲ ಎಂದೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು. ವಾರ್ನಿಷ್ ಹಚ್ಚುವುದೂ ಆಮೇಲೆಯೇ. ಮೊದಲೇ ಹಚ್ಚಿದರೆ ತೇವ ಒಳಗೆ ಹೋಗುವ ದಾರಿ ಮುಚ್ಚುತ್ತದೆ.

ಗನ್ ಸೋಲುವ ಕಡೆಗಳು

ತುದಿಯನ್ನು ಕೊಕ್ಕೆಯಂತೆ ಗಟ್ಟಿಯಾಗಿ ಹಿಂದಕ್ಕೆ ಬಗ್ಗಿಸಬೇಕಾದರೆ ಹೀಟ್ ಗನ್ ಹಿಡಿಯಬೇಡಿ. ಒಣ ಶಾಖ ಮರವನ್ನು ಮೃದುವಾಗಿಸುವಷ್ಟರಲ್ಲಿ ಮೇಲ್ಮೈ ಸುಡುತ್ತದೆ. ಅಲ್ಲಿ ನೀರಿನ ಹಬೆಯೇ ಸರಿ. ತೇವವಿದ್ದಾಗ ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ನೂರು ಡಿಗ್ರಿಯೊಳಗೇ ಮೆತ್ತಗಾಗುತ್ತದೆ; ಒಣ ಮರದಲ್ಲಿ ಅದಕ್ಕೆ ಎಷ್ಟೋ ಹೆಚ್ಚು ಬಿಸಿ ಬೇಕು. ತುದಿಯನ್ನು ಕುದಿಯುವ ನೀರಿನ ಮೇಲೆ, ಫಾಯಿಲಿನಿಂದ ಬಾಯಿ ಮುಚ್ಚಿದ ಪಾತ್ರೆಯಲ್ಲಿ, ಒಂದಿಂಚು ದಪ್ಪಕ್ಕೆ ಸುಮಾರು ಒಂದು ಗಂಟೆಯ ಲೆಕ್ಕದಲ್ಲಿ ಇಟ್ಟು, ತೆಗೆದ ಕೆಲವೇ ಕ್ಷಣಗಳಲ್ಲಿ ಅಚ್ಚಿಗೆ ಬಿಗಿಯಬೇಕು. ಹಬೆ ಕುಡಿದ ಮರಕ್ಕೆ ಎರಡು ವಾರವಾದರೂ ಒಣಗಲು ಬಿಟ್ಟು, ಆಮೇಲೆ ಅದರ ಹೊಟ್ಟೆಯನ್ನು ಗನ್ನಿನಿಂದ ಹುರಿದರೆ ಬಾಗು ಗಟ್ಟಿಯಾಗಿ ನಿಲ್ಲುತ್ತದೆ.

ಸಣ್ಣಪುಟ್ಟ ಓರೆ, ತಿರುಚು ಸರಿಪಡಿಸಲು ಮಾತ್ರ ಗನ್ ಚೆನ್ನು. ಓಸೇಜ್ ಮರ ಒಣ ಶಾಖಕ್ಕೆ ಬಹಳ ಚೆನ್ನಾಗಿ ಒಗ್ಗುತ್ತದೆ. ಬಗ್ಗಿಸಬೇಕಾದ ಕಡೆಗೆ ಅಡುಗೆ ಎಣ್ಣೆ ತೆಳುವಾಗಿ ಸವರಿ, ಗಾಳಿ ನಿಧಾನ ಇಟ್ಟು, 10–15 ನಿಮಿಷ ಸುತ್ತಲೂ ಕಾಯಿಸಿ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಬಗ್ಗಿಸಿ ಕ್ಲ್ಯಾಂಪ್ ಮಾಡಿ. ಎಣ್ಣೆ ಮರದೊಳಗೆ ಇಳಿಯುವುದಕ್ಕಲ್ಲ, ಬಿಸಿಯನ್ನು ಸಮನಾಗಿ ಹರಡಿ ಮೇಲ್ಮೈ ಕಂದದಂತೆ ಕಾಯುವುದಕ್ಕೆ. ಯೂ ಮರದ ವಿಷಯದಲ್ಲಿ ಹೊಟ್ಟೆ ಹುರಿಯುವ ಅಗತ್ಯವೇ ಕಡಿಮೆ. ಅದರ ಕೆಂಪು ಚೇಗು ಸಹಜವಾಗಿಯೇ ಅಮುಕು ತಾಳುತ್ತದೆ. ಬಿಳಿ ಮರಗಳಿಗೆ ಸಿಗುವಷ್ಟು ಲಾಭ ಅಲ್ಲಿ ಸಿಗದು.

ಹೊಟ್ಟೆಯಲ್ಲಿ ಆಗಲೇ ಸುಕ್ಕಿನ ಗೆರೆ ಬಂದಿದ್ದರೆ ಹುರಿಯುವುದು ಮದ್ದಲ್ಲ. ಮುರಿದ ನಾರು ಬಿಸಿಗೆ ಕೂಡಿಕೊಳ್ಳುವುದಿಲ್ಲ, ಬಣ್ಣದ ಕೆಳಗೆ ಮರೆಯಾಗುತ್ತದೆ, ಅಷ್ಟೆ. ಮಾರಾಟಕ್ಕಿಟ್ಟ ಹುರಿದ ಬಿಲ್ಲು ಕೊಳ್ಳುವವರು ಹೊಟ್ಟೆಯ ಮೇಲೆ ಉಗುರನ್ನು ಉದ್ದಕ್ಕೆ ಎಳೆದು ನೋಡುವುದು ಒಳ್ಳೆಯದು. ಗೆರೆ ಇದ್ದರೆ ಉಗುರಿಗೆ ತಡೆಯುತ್ತದೆ.

ಕೆಂಡದೊಂದಿಗೆ ಹೋಲಿಸಿದರೆ ಗನ್ ನಿಧಾನ. ಉದ್ದನೆಯ ತಗ್ಗಿನಲ್ಲಿ ಬೂದಿ ಮುಚ್ಚಿದ ಇದ್ದಿಲು ಕೆಂಡ ಹರಡಿ, 8–10 ಇಂಚು ಮೇಲೆ ಹೊಟ್ಟೆ ಕೆಳಗೆ ಮಾಡಿ ಬಿಲ್ಲಿಟ್ಟರೆ ಇಡೀ ತೋಳು ಒಮ್ಮೆಗೇ ಕಾಯುತ್ತದೆ, ಗನ್ನಿನ ಭಾಗ-ಭಾಗದ ಕಲೆ ಇರುವುದಿಲ್ಲ, ಕರೆಂಟು ಬೇಡ. ಆದರೆ ಗಾಳಿ ಬೀಸಿದ ಕಡೆ ಕೆಂಡ ಕೆಂಪಾಗಿ ಅಲ್ಲಿ ಮಾತ್ರ ಸುಡುತ್ತದೆ, 10 ಡಿಗ್ರಿ ಇಳಿಸುವ ಗುಂಡಿ ಅಲ್ಲಿಲ್ಲ. ಬೆಂಕಿಯೊಡನೆ ಪಳಗಿದ ಕೈಗೆ ಕೆಂಡ, ಹೊಸ ಕೈಗೆ ಗನ್.

ಮಾರುಕಟ್ಟೆಯಲ್ಲಿ ಕಾರ್ಬನೈಸ್ಡ್ ಎಂದು ಸಿಗುವ ಕಂದು ಬಿದಿರಿನ ನೆಲಹಾಸನ್ನು ಸೀಳಿ ಬಿಲ್ಲಿನ ಹೊಟ್ಟೆಗೆ ಬಳಸಲು ಹೊರಡುವವರಿಗೆ ಒಂದು ಮಾತು. ಆ ಬಣ್ಣ ಬಂದಿರುವುದು ಒತ್ತಡದ ಹಬೆಯಿಂದ, ಇಡೀ ಪಟ್ಟಿಗೆ. ಅದರಿಂದ ಬಿದಿರು ಮೊದಲಿಗಿಂತ ಮೆದುವಾಗುತ್ತದೆ, ಗಡಸಾಗುವುದಿಲ್ಲ. ತಿಳಿ ಬಣ್ಣದ ಬಿದಿರನ್ನೇ ಕೊಂಡು, ಅಂಟಿಸುವ ಮೊದಲು ಅದರ ಹೊಟ್ಟೆಯ ಬದಿಯನ್ನು ನೀವೇ ಹುರಿದುಕೊಳ್ಳಿ. ನಮ್ಮ ಕಾಡಿನ ತಡಸಲು ಮರ ಬಾಗಿ ಮರಳುವ ಗುಣಕ್ಕೆ, ಬಿಲ್ಲಿಗೆ, ಗಾಡಿಯ ಮೂಕಿಗೆ ಹಳೆಯ ಕಾಲದಿಂದ ಹೆಸರಾದದ್ದು. ಅದನ್ನು ಹುರಿಯುವವರು ಬಿಲ್ಲಿಗೆ ಕೈಹಾಕುವ ಮುನ್ನ ಅದೇ ಮರದಿಂದ ಒಂದಿಂಚು ಅಗಲ, ಕಾಲಿಂಚು ದಪ್ಪ, ಎರಡಡಿ ಉದ್ದದ ಎರಡು ಪಟ್ಟಿ ಸೀಳಿ, ಒಂದನ್ನು ಹುರಿದು, ಎರಡಕ್ಕೂ ತೇವ ತುಂಬಲು ಬಿಟ್ಟು, ಒಂದೇ ಭಾರ ತೂಗುಹಾಕಿ ನೋಡಲಿ. ಯಾವುದು ಕಡಿಮೆ ಬಾಗುತ್ತದೆ, ಭಾರ ತೆಗೆದಾಗ ಯಾವುದು ಹೆಚ್ಚು ನೆಟ್ಟಗಾಗುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಬೆಂಕಿಯ ಎಚ್ಚರ ಬೇಕು. 630 ಡಿಗ್ರಿಯ ಗಾಳಿ ಒಂದಿಂಚು ದೂರದ ಮರವನ್ನು ಹೊತ್ತಿಸಬಲ್ಲದು, ಮೇಜಿನ ಕೆಳಗಿನ ಹೆರೆಪುಡಿಯನ್ನು ಇನ್ನೂ ಬೇಗ. ಶುರು ಮಾಡುವ ಮೊದಲು ಕಸ ಗುಡಿಸಿ, ಎಣ್ಣೆ ಬಟ್ಟೆಗಳನ್ನು ಹೊರಗೆ ಹಾಕಿ, ಒಂದು ಬಕೆಟ್ ನೀರು ಪಕ್ಕದಲ್ಲಿಟ್ಟುಕೊಳ್ಳಿ. ಪೈನ್ ಮರದ ಅಚ್ಚಿನಲ್ಲಿ ರಾಳ ಒಸರಿ ಬಿರುಕಿನೊಳಗೆ ಹೊಗೆಯಾಡುತ್ತ ಉಳಿಯುವುದುಂಟು. ಗನ್ ಆರಿಸಿದ ಮೇಲೆ ಅರ್ಧ ಗಂಟೆಯಾದರೂ ಅಲ್ಲೇ ಇದ್ದು, ಅಚ್ಚಿನ ಅಡಿಯಲ್ಲಿ ಕೈಯಾಡಿಸಿ ನೋಡಿಯೇ ಬಾಗಿಲು ಹಾಕಿ.